ಮೂರನೇ ಮಜಲಿನ ಕಾಯಿದೆ

ನಮ್ಮ ಕಾಕಾ ಸೋಲಿಸಿದಷ್ಟು ಹುಡುಗಿಯರನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಬೇರೆ ಯಾರೂ ಸೋಲಿಸಿಲ್ಲ. ಗಾಬರಿಯಾಗಬೇಡಿ! ಕಾಕಾ ಮುನವಳ್ಳಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರರು. ಶಾಲೆಗಳ ಕ್ರೀಡಾಕೂಟ ಎಲ್ಲೇ ನಡೆಯಲಿ, ಪಿರಮಿಡ್ ಸ್ಪರ್ಧೆಗೆ ಅವರೇ ನಿರ್ಣಾಯಕರು. ಹುಡುಗಿಯರು ಒಬ್ಬರ ಮೇಲೊಬ್ಬರು ಹತ್ತಿ, ತುದಿಯಲ್ಲಿ ಒಬ್ಬಳು ನಿಂತು ಸೆಲ್ಯೂಟ್ ಹೊಡೆಯುವ ಆಟವದು. ನೋಡುವವರಿಗೆ ಚಪ್ಪಾಳೆಯ ವಿಷಯ. ಕಾಕಾನಿಗೆ ಮಾತ್ರ ಕೋರ್ಟು ಕಚೇರಿ.

ಮೇಲಿನಿಂದ ಬಂದ ನಿಯಮಗಳು ಅರ್ಧ ಹಾಳೆ. ಕಾಕಾ ಅದಕ್ಕೆ ಉಪನಿಯಮ ಬರೆದು ಬರೆದು ಒಂದು ನೋಟುಬುಕ್ಕನ್ನೇ ತುಂಬಿಸಿದ್ದರು. ಕಾಲು ಊರುವುದು ಸೊಂಟದ ಎಲುಬಿನ ಮೇಲೆ, ನಡುಬೆನ್ನಿನ ಮೇಲಲ್ಲ. ಕಾಲ್ಗೆಜ್ಜೆ ಕೂಡದು. 'ನಿಲ್ಲುವುದು' ಎಂದರೆ ಎರಡೂ ಪಾದ, ಮೂರು ಎಣಿಕೆ. ಅಷ್ಟರಲ್ಲಿ ಕಿಸಕ್ಕೆಂದು ನಕ್ಕರೆ ಎಣಿಕೆ ಮತ್ತೆ ಮೊದಲಿನಿಂದ! ಮೊಣಕಾಲೂರಿ ಕೂತವಳ ತೊಡೆಯ ಮೇಲೆ ನಿಂತವಳು ಎಷ್ಟನೇ ಮಜಲಿನವಳು? ಈ ಒಂದು ಪ್ರಶ್ನೆಗೆ ರಾಮದುರ್ಗದಲ್ಲಿ ಇಬ್ಬರು ಮಾಸ್ತರರು ಊಟದ ಹೊತ್ತು ಮೀರುವತನಕ ಜಗಳಾಡಿದರು. ಕಾಕಾ ನೋಟುಬುಕ್ಕು ತಿರುವಿ, "ಒಂದೂವರಿ" ಎಂದು ತೀರ್ಪು ಕೊಟ್ಟರು. ಹುಡುಗಿಯರು ಅಷ್ಟರಲ್ಲಿ ಬುತ್ತಿ ಬಿಚ್ಚಿ ಉಂಡು ಕೈ ತೊಳೆದಿದ್ದರು.

ಎಲ್ಲಕ್ಕಿಂತ ಕಟ್ಟುನಿಟ್ಟು ಹಿಡಿಯುವವರ ನಿಯಮ. ಪಿರಮಿಡ್ಡಿನ ಸುತ್ತ ಕೈಚಾಚಿ ನಿಂತ ನಾಲ್ವರು ಮೇಲಿನವಳ ಸೊಂಟವನ್ನೇ ನೋಡುತ್ತಿರಬೇಕು. ಮಂತ್ರಿ ಬರಲಿ, ಜೇನುಹುಳ ಬರಲಿ, ಕಣ್ಣು ಅಲುಗಬಾರದು. ಕಿತ್ತೂರಿನಲ್ಲಿ ಹೆಡ್ಮಾಸ್ತರರೊಬ್ಬರು, "ಇದೇನ್ ಮಹಾ ಕೆಲಸರಿ?" ಅಂದರು. ಕಾಕಾ ಅವರನ್ನೇ ಕೈಚಾಚಿ ನಿಲ್ಲಿಸಿದರು. ನಿಮಿಷದೊಳಗೆ ಚಹಾ ಬಂತು, ಹೆಡ್ಮಾಸ್ತರರು ತಿರುಗಿ ನೋಡಿದರು. "ನೋಡ್ರಿ ಸರ್, ಹುಡುಗಿ ಬಿತ್ತು!" ಎಂದು ಕಾಕಾ ಸೀಟಿ ಊದಿಯೇ ಬಿಟ್ಟರು. ಮೇಲೆ ಯಾರೂ ಇರಲೇ ಇಲ್ಲ!

ಟೀವಿಯಲ್ಲಿ ಪರದೇಶದ ಆಟದ ನಡುವೆ ಹುಡುಗಿಯರು ಕುಣಿಯುತ್ತ ಒಬ್ಬಳನ್ನು ಮೇಲಕ್ಕೆ ಚಿಮ್ಮಿಸುತ್ತಾರಲ್ಲ, ಕಾಕಾ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಸಿಡಿಮಿಡಿ.

"ಈ ವಯಸ್ಸಿನ್ಯಾಗ ಏನ್ ನೋಡತೀರಿ ಅದನ್ನ?"

"ಮ್ಯಾಲಿನಾಕಿನ್ನ ಯಾರ್ ನೋಡ್ಯಾರ? ಕೆಳಗಿನಾಕಿ ಕೈ ನೋಡಾಕ ಹತ್ತೇನಿ. ಬರೋಬ್ಬರಿ ಹಿಡದಾಳ!"

ಇಂಥವರ ಅಣ್ಣನ ಮಗಳಾದ ನಾನೂ ಪಿ.ಟಿ. ಟೀಚರಾಗಿ ಬೈಲಹೊಂಗಲದ ಒಂದು ಶಾಲೆ ಸೇರಿದೆ. ಮೊದಲ ವರ್ಷವೇ ಗೆಲ್ಲಬೇಕು, ಅದೂ ಕಾಕಾನ ಕೈಯಿಂದಲೇ! ಕೆಳಗೆ ಮೂವರು ಕೈ, ಮೊಣಕಾಲು ಊರಿ, ಅವರ ಮೇಲೆ ಹಾಗೆಯೇ ಇಬ್ಬರು, ತುದಿಯಲ್ಲಿ ಎಂಟನೆಯ ತರಗತಿಯ ಗಂಗವ್ವ ನಿಲ್ಲುವ ಪಿರಮಿಡ್ಡನ್ನು ಆರು ವಾರ ಕಲಿಸಿದೆ. ಸವದತ್ತಿಯಲ್ಲಿ ಸ್ಪರ್ಧೆ. ಬೆಳಿಗ್ಗೆ ಮೈದಾನದಲ್ಲಿ ಸಿಕ್ಕ ಕಾಕಾ ಕೇಳಿದ್ದು ಒಂದೇ ಮಾತು: "ಇಳಿಯೂದು ಕಲಿಸೀಯೇನು?"

"ಹತ್ತಿದವರಿಗೆ ಇಳಿಯಾಕ ಬರೂದಿಲ್ಲೇನ್ರಿ ಕಾಕಾ?" ಎಂದು ನಕ್ಕೆ. ಅವರು ನಗಲಿಲ್ಲ.

ಗಂಗವ್ವ ಹತ್ತಿದಳು, ನಿಂತಳು, ಸೆಲ್ಯೂಟ್ ಹೊಡೆದಳು. ಮೂರು ಎಣಿಕೆ. ಮೈದಾನವೆಲ್ಲ ಚಪ್ಪಾಳೆ. ಇಳಿಯಲು ಕಾಕಾ ಸೀಟಿ ಊದಿದರು. ಗಂಗವ್ವ ಕೆಳಗೆ ನೋಡಿದಳು, ಅಷ್ಟೇ. ಊರಿದ ಪಾದ ಕೀಳಲೇ ಇಲ್ಲ. ಹಿಡಿಯುವವರು ಕೈಚಾಚಿದರು; ಅವಳು ಯಾರ ಕೈಯನ್ನೂ ನಂಬಲಿಲ್ಲ. ಕೆಳಗಿನ ಹುಡುಗಿಯರ ತೋಳು ಅದುರುತ್ತಿದ್ದವು. ನಾನು "ಇಳಿ, ಇಳಿ!" ಎಂದು ಕಿರುಚಿದಷ್ಟೂ ಅವಳು ಇನ್ನಷ್ಟು ಸೆಟೆದು ನಿಂತಳು. ಕಲಿಸದ್ದನ್ನು ಕೂಗಿ ಹೇಳಿದರೆ ಬಂದೀತೇ?

ನಿರ್ಣಾಯಕ ಮುಟ್ಟಿದರೆ ಆ ತಂಡ ಹೊರಗೆ. ಇದೂ ಕಾಕಾನದೇ ನಿಯಮ. ಐವತ್ತು ದಾಟಿದ ಮನುಷ್ಯ ಮೇಜು ಸರಿಸಿ ಓಡಿ ಬಂದರು. ಪಿರಮಿಡ್ಡಿಗೆ ಆತು, ಬಗ್ಗಿ ನಿಂತು ಹೆಗಲು ಕೊಟ್ಟರು.

"ಕೆಳಗ ನೋಡಬ್ಯಾಡ ಯವ್ವಾ. ನನ್ನ ಹೆಗಲ ಮ್ಯಾಲ ಬಲಗಾಲ ಇಡು. ಅವಸರಿಲ್ಲ. ಸಂಜೀತನಕ ನಾ ಇಲ್ಲೇ ಇರತೇನಿ."

ಎಷ್ಟು ಹೊತ್ತಾಯಿತೋ ತಿಳಿಯದು. ಒಂದು ಕಾಲು ಬಂತು. ಆಮೇಲೆ ಅವಳು ಪೂರ್ತಿ ಅವರ ಕೊರಳಿಗೆ ಜೋತುಬಿದ್ದಳು. ಕಾಕಾ ಮೆಲ್ಲಗೆ ಮಂಡಿಯೂರಿ, ಅವಳ ಪಾದ ನೆಲಕ್ಕೆ ತಾಗುವ ತನಕ ಬಗ್ಗಿದರು. ಬಿಳಿ ಪ್ಯಾಂಟೆಲ್ಲ ಕರಿಮಣ್ಣು.

"ಸರ್, ಅಂಕ ಹೇಳ್ರಿ!" ಎಂದು ಮೇಜಿನಿಂದ ಕೂಗಿದರು. ಕಾಕಾ ಕೂತಲ್ಲಿಂದಲೇ ಬೆರಳು ಮಡಚಿ ಸೊನ್ನೆ ತೋರಿಸಿದರು. ನನಗೆ ಸಿಟ್ಟೂ ಬರಲಿಲ್ಲ. ಓಡಿಹೋಗಿ ಗಂಗವ್ವನ ಕೈ ಬಿಡಿಸಲು ನೋಡಿದೆ. ಅವಳು ಕೊರಳು ಬಿಡಲೊಲ್ಲಳು.

"ಬಿಡಿಸಬ್ಯಾಡ ಮಗಳ," ಕಾಕಾ ಮೆತ್ತಗೆ ಅಂದರು. "ತಾನ ಬಿಡತಾಳ."

ನಾನೂ ಅವರ ಪಕ್ಕ ಮಣ್ಣಿನಲ್ಲಿ ಕೂತೆ. ಮುಂದಿನ ಶಾಲೆಯ ಹುಡುಗಿಯರು ಸಾಲಾಗಿ ಬಂದು ನಿಂತರು. ಯಾರೂ ಏಳಿ ಅನ್ನಲಿಲ್ಲ. ಗಂಗವ್ವನ ಬಿಕ್ಕು ನಿಧಾನವಾಗಿ ಇಳಿಯುತ್ತಿತ್ತು. ಕಾಕಾ ಮಂಡಿಯೂರಿಯೇ ಇದ್ದರು.