ಅಳಿಯನ ಕಾಲಿಗೆ ಮೊಮ್ಮಗನ ಕಿವಿ

ನಲವತ್ತು ದಾಟಿದ ಗಂಡಸರು ಆಟಕ್ಕೆ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ. ಓಡಬೇಕೆನಿಸಿದರೆ ಬಸ್ಸು ಹಿಡಿಯಲು ಓಡಲಿ, ಎತ್ತಬೇಕೆನಿಸಿದರೆ ಗ್ಯಾಸ್ ಸಿಲಿಂಡರ್ ಎತ್ತಿಡಲಿ, ಹಗ್ಗವೇ ಹಿಡಿಯಬೇಕಿದ್ದರೆ ಬಾವಿಯಿಂದ ನೀರು ಸೇದಿಕೊಡಲಿ. ಇದನ್ನು ನನ್ನ ಅಳಿಯ ರಾಜಶೇಖರನಿಗೆ ಮೊದಲೇ ಹೇಳಬಹುದಿತ್ತು. ಆದರೆ ಬ್ಯಾಂಕಿನ ಆಫೀಸರು ಹಗ್ಗಜಗ್ಗಾಟಕ್ಕೆ ನಿಲ್ಲುತ್ತಾನೆಂದು ಯಾವ ಅತ್ತೆ ಕನಸು ಕಾಣುತ್ತಾಳೆ?

ಅವನಿಗೆ ವಿಜಯವಾಡಕ್ಕೆ ವರ್ಗವಾಗಿ ಆಗಿನ್ನೂ ಒಂದು ಬೇಸಿಗೆಯೂ ಕಳೆದಿರಲಿಲ್ಲ. ಬ್ಯಾಂಕಿನವರ ಆಟೋಟದ ದಿನ, ಮೈ ಭಾರ ಇದೆ ಎಂಬ ಒಂದೇ ಅರ್ಹತೆಯ ಮೇಲೆ ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿ ಸೊಂಟಕ್ಕೆ ಹಗ್ಗ ಸುತ್ತಿದರು. ಎದುರಿನವರು ಎಳೆದರು. ಇವನ ಕಡೆಯವರಿಗೆ ಅಂಗೈ ಉರಿಯಿತು, ಬಿಟ್ಟುಬಿಟ್ಟರು. ಸೊಂಟಕ್ಕೆ ಸುತ್ತಿಕೊಂಡವನು ಬಿಡುವುದು ಹೇಗೆ? ಗೆರೆ ದಾಟಿ, ಎದುರಿನವರನ್ನೂ ದಾಟಿ ಹೋಗಿ ಬಿದ್ದನಂತೆ. ತೊಡೆಯ ಮೂಳೆ ಮುರಿಯಿತು. ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ, ಒಳಗೆ ರಾಡು ಹಾಕಬೇಕು, ತಡವಾದರೆ ಕಾಲು ಗಿಡ್ಡವಾಗುತ್ತದೆ, ಮೊದಲು ದುಡ್ಡು ಕಟ್ಟಿ ಎಂದರು. ಬ್ಯಾಂಕು ಕೊಡುತ್ತದೆ, ಆದರೆ ಬಿಲ್ಲು ಕೊಟ್ಟ ಮೇಲೆ.

ನಾನಿದ್ದದ್ದು ವಿಶಾಖಪಟ್ಟಣದಲ್ಲಿ, ಮಗನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮಗನ ಉಳಿತಾಯವೆಲ್ಲ ಹಿಂದಿನ ತಿಂಗಳಷ್ಟೇ ತುಮಕೂರಿನ ಸೈಟಿನಲ್ಲಿ ಹೂತುಹೋಗಿತ್ತು. ಎರಡೂ ಮನೆಯಲ್ಲಿದ್ದದ್ದನ್ನು ಕೂಡಿಸಿದರೆ ಅರ್ಧಕ್ಕೆ ಬಂತು. ಕ್ವಾರ್ಟರ್ಸಿನ ಕನ್ನಡದವರ ಹತ್ತಿರ ಚಂದಾ ಎತ್ತೋಣವೆಂದ ಮಗ. ಅಳಿಯ ಮಗಳ ಕೈಲಿ ಫೋನಿನಲ್ಲಿ ಹೇಳಿಸಿದ: ಚಂದಾ ಎತ್ತಿದರೆ ಆಪರೇಷನ್ನೇ ಬೇಡ, ಕುಂಟಿಕೊಂಡೇ ಇರುತ್ತೇನೆ. ಸಾಲವೂ ಬೇಡವಂತೆ; ದಿನವೆಲ್ಲ ಸಾಲ ಕೇಳಲು ಬಂದವರ ಮುಖ ನೋಡಿ ನೋಡಿ ಸಾಕಾದವನು. ಕಾಲು ಮುರಿದುಕೊಂಡು ಮಲಗಿ ಇಷ್ಟು ಠೀವಿ ಮಾಡುವವನನ್ನು ನಾನು ಬೇರೆ ಕಂಡಿಲ್ಲ.

ಆಗ ನನಗೆ ಮುಯ್ಯಿ ನೆನಪಾಯಿತು. ನಮ್ಮ ಕಡೆ ಶುಭಕಾರ್ಯಕ್ಕೆ ಹೋದವರು ಕೈಲಾದಷ್ಟು ದುಡ್ಡು ಮುಯ್ಯಿ ಕೊಡುತ್ತಾರೆ. ಮುಂದೆ ಅವರ ಮನೆಯ ಕಾರ್ಯದಲ್ಲಿ ಅದನ್ನು ತೀರಿಸಬೇಕು. ಅದನ್ನು ಭಿಕ್ಷೆ ಎಂದವರಿಲ್ಲ, ಸಾಲ ಎಂದವರೂ ಇಲ್ಲ. ಆದರೆ ಅದಕ್ಕೊಂದು ಕಾರ್ಯ ಬೇಕಲ್ಲ? ಮನೆಯೆಲ್ಲ ಹುಡುಕಿದಾಗ ಸಿಕ್ಕಿದ್ದು ಮೊಮ್ಮಗನ ಕಿವಿ. ಇನ್ನೂ ಚುಚ್ಚಿರಲಿಲ್ಲ.

"ಅವರ ಕಾಲಿಗೆ ನನ್ನ ಮಗೂನ ಯಾಕತ್ತೆ ಚುಚ್ಚಿಸ್ತೀರ?" ಎಂದಳು ಸೊಸೆ ಸುಮ.

"ಹೇಗಿದ್ರೂ ಚುಚ್ಚೋದೇ ಕಣೇ. ಊರಲ್ಲಾದ್ರೆ ಬರೀ ನೋವು, ಇಲ್ಲಾದ್ರೆ ಒಂದು ಕಾಲು ಉಳ್ಕೊಳ್ಳುತ್ತೆ."

ಆ ಭಾನುವಾರವೇ ಕನ್ನಡದವರನ್ನೆಲ್ಲ ಕರೆದೆವು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವ ಹಾಸನದಲ್ಲಿದ್ದ. ಪಕ್ಕದ ಮನೆಯ ತೆಲುಗಿನವಳು ಸುಬ್ಬಲಕ್ಷ್ಮಿ, ಅವಳ ಗಂಡನನ್ನೇ ಆ ಜಾಗದಲ್ಲಿ ಕೂರಿಸಿದೆವು. ಮಗು ಅವರ ಹೊಸ ಪಂಚೆಯ ಮೇಲೆ ಮಾಡಬಾರದ್ದು ಮಾಡಿತು. ನಿಜವಾದ ಮಾವನಾಗಿದ್ದರೆ ಬೈಯುತ್ತಿದ್ದ. ಅವರು ಪರವಾಲೇದು ಎಂದರು.

ಆಮೇಲೆ ಒಬ್ಬೊಬ್ಬರೇ ಬಂದು ಕೊಡತೊಡಗಿದರು. ಸ್ಟೀಲ್ ಡಬ್ಬ. ಅದರ ಮೇಲೆ ಇನ್ನೊಂದು ಸ್ಟೀಲ್ ಡಬ್ಬ. ಸಂಬಳದವರ ನಡುವೆ ಮುಯ್ಯಿ ಎಂದೋ ಡಬ್ಬವಾಗಿ ಹೋಗಿತ್ತು, ನನಗೆ ಯಾರೂ ಹೇಳಿರಲಿಲ್ಲ. ಎಲ್ಲದರ ಮೇಲೂ ಕೊಟ್ಟವರ ಹೆಸರು ಕೊರೆಸಿದ್ದು ಬೇರೆ. ಅಂಗಡಿಯವನು ವಾಪಸೂ ತಗೊಳ್ಳುವುದಿಲ್ಲ. ಯಾಕೆ ಮುಖ ಹೀಗಾಯಿತು ಎಂದು ಸುಬ್ಬಲಕ್ಷ್ಮಿ ಕೇಳಿದಳು. ನನಗೆ ಒಳಗೆ ಇಟ್ಟುಕೊಂಡು ರೂಢಿಯಿಲ್ಲ.

"ಡಬ್ಬ ಚೆನ್ನಾಗಿವೆ. ಆದ್ರೆ ಆಸ್ಪತ್ರೆಯವರು ಡಬ್ಬ ಕಟ್ಟಿಸ್ಕೊಳ್ಳಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಸುಮ ಅಡಿಗೆಮನೆಗೆ ಹೋಗಿಬಿಟ್ಟಳು. ಮಿಕ್ಕದ್ದನ್ನೂ ಹೇಳಿ ಮುಗಿಸಿದೆ.

"ಅಡಗಡಾನಿಕಿ ಸಿಗ್ಗೆಂದುಕಮ್ಮಾ?" ಎಂದಳು ಸುಬ್ಬಲಕ್ಷ್ಮಿ. ಕೇಳುವುದಕ್ಕೆ ನಾಚಿಕೆ ಯಾಕೆ ಎಂದು. ನಾಚಿಕೆ ನನಗಲ್ಲ, ಅಳಿಯನಿಗೆ. ಮುಯ್ಯಿಯಾದರೆ ತಗೊಳ್ಳುತ್ತಾನೆ, ಮುಂದೆ ನಿಮ್ಮ ಮನೆಯ ಕಾರ್ಯದಲ್ಲಿ ತೀರಿಸಿದರಾಯಿತು ಎಂದೆ. ಸರಿ, ಇದು ಮುಯ್ಯಿಯೇ ಎಂದು ಅವಳು ತಾನು ತಂದ ಡಬ್ಬದ ಮುಚ್ಚಳ ತೆಗೆದು, ಪರ್ಸಿನಲ್ಲಿದ್ದದ್ದನ್ನು ಹಾಕಿ ಮುಚ್ಚಿದಳು. ಮಿಕ್ಕವರು ಮನೆಗೆ ಹೋಗಿ ಬಂದು ಅವರವರ ಡಬ್ಬ ಹುಡುಕಿ ಹಾಕಿದರು. ಹೆಸರು ಕೊರೆಸಿದ್ದು ಪ್ರಯೋಜನಕ್ಕೆ ಬಂತು. ಯಾರದೆಷ್ಟು ಎಂದು ಬರೆದಿಡುವ ಕೆಲಸವೂ ತಪ್ಪಿತು.

ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಮಗನ ಜೊತೆ ರೈಲಿನಲ್ಲಿ ವಿಜಯವಾಡಕ್ಕೆ ಹೋದೆ. ಹೊರಗಿನ ತಿಂಡಿ ಬಿಡುವುದಿಲ್ಲವೆಂದು ಆಸ್ಪತ್ರೆಯ ಕಾವಲಿನವನು ತಡೆದ. ಒಂದು ಮುಚ್ಚಳ ತೆಗೆದು ತೋರಿಸಿದೆ, ದಾರಿ ಬಿಟ್ಟ. ಮಂಚದ ಮೇಲಿದ್ದ ಅಳಿಯ ಡಬ್ಬಗಳನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಮುಯ್ಯಿ ಕಣಪ್ಪ. ಮಗೂ ಕಿವೀದು" ಎಂದೆ.

ಅದಕ್ಕೆ ಬ್ಯಾಂಕಿನ ಕಾನೂನಿನಲ್ಲಿ ಅವನಿಗೆ ತಕರಾರು ಸಿಗಲಿಲ್ಲ. ರಾಡು ಹಾಕಿದರು. ಎರಡೂ ಕಾಲು ಸಮವಾಗಿವೆ.

ಮುಂದೆ ಬ್ಯಾಂಕು ದುಡ್ಡು ಕೊಟ್ಟಿತು. ಅಳಿಯ ಅದನ್ನೆಲ್ಲ ತಂದು ನನ್ನ ಮುಂದಿಟ್ಟು, ಎಲ್ಲರಿಗೂ ವಾಪಸ್ ಕೊಟ್ಟುಬಿಡಿ ಎಂದ. ಮೊದಲು ಸುಬ್ಬಲಕ್ಷ್ಮಿಯ ಮನೆಗೆ ಹೋದೆ. ಅವಳು ಬಾಗಿಲಲ್ಲೇ ತಿರುಗಿಬಿದ್ದಳು. ಕಾರ್ಯವಿಲ್ಲದೆ ಮುಯ್ಯಿ ತೀರಿಸುತ್ತಾರೆಯೇ, ನೀವೇ ತಾನೇ ಹೇಳಿದ್ದು ಎಂದಳು. ಉಳಿದ ಮನೆಗಳಲ್ಲೂ ಅದೇ ಮಾತು. ಈ ಬೀದಿಯಲ್ಲಿ ದೊಡ್ಡ ಹುಡುಗಿಯೆಂದರೆ ಮೂರನೇ ಕ್ಲಾಸಿನವಳು. ಕೊನೆಯ ಕ್ವಾರ್ಟರ್ಸಿನವನಿಗಂತೂ ಇನ್ನೂ ಹೆಣ್ಣೇ ಗೊತ್ತಾಗಿಲ್ಲ. ಹಾಗಾಗಿ ಇವರ ಕಾರ್ಯಗಳೆಲ್ಲ ಮುಗಿಯುವ ತನಕ ನಾನು ಸಾಯುವ ಹಾಗಿಲ್ಲ. ಇದನ್ನು ಸುಮಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ದುಡ್ಡು ನನ್ನ ಹತ್ರ ಕೊಟ್ಟಿಡಿ ಅತ್ತೆ, ನಾನೇ ತೀರಿಸ್ತೀನಿ. ಅದಕ್ಕೋಸ್ಕರ ನೀವು ಕಾಯೋದು ಬೇಡ" ಎಂದಳು.

ನಾನಿನ್ನೂ ಕೊಟ್ಟಿಲ್ಲ.