ಎಮ್ಮೆಗೂ ಊಟದ ಕರೆ

ನಮ್ಮ ಮನೆಯಲ್ಲಿ ಎಮ್ಮೆಗೂ ಕಂಪ್ಯೂಟರಿನಿಂದ ಊಟದ ಕರೆ ಬರುತ್ತದೆ! ನಗಬೇಡಿ ಮಕ್ಕಳೇ, ಇಡೀ ಹಾನಗಲ್ ತಾಲೂಕಿನಲ್ಲಿ ಇಂಥ ಮರ್ಯಾದೆ ಪಡೆದ ಇನ್ನೊಂದು ಎಮ್ಮೆಯನ್ನು ತೋರಿಸಿ ನೋಡೋಣ. ಇದೆಲ್ಲ ನಿಮ್ಮ ಸಣ್ಣಜ್ಜನ, ಅಂದರೆ ನನ್ನ ಗಂಡನ ತಮ್ಮನ ಕೃಪೆ. ಅವರೆದುರು ನಾನು ಎರಡು ಮಾತು ಜೋಡಿಸಿ ಆಡಿದವಳಲ್ಲ. ಆದರೆ ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನಲ್ಲ, ಬಾಯಿಂದ ಬರದಿದ್ದು ಪೆನ್ನಿನಿಂದ ಬಂದರೆ ತಡೆಯುವವರು ಯಾರು?

ಸಣ್ಣಜ್ಜ ಶಿಗ್ಗಾಂವಿ ತಾಲೂಕಿನ ಸಾಲೆಗಳಲ್ಲಿ ಮೂವತ್ತಾರು ವರ್ಷ ಮಾಸ್ತರರಾಗಿದ್ದವರು. ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಗೆ ಹದಿನೇಳರ ಮಗ್ಗಿ ಕೇಳಿದರಂತೆ. ಅವಳು ಹದಿನೇಳೆಂಟಲೆಯಲ್ಲಿ ತಪ್ಪಿದಳು, ಇವರು ಬ್ರಹ್ಮಚಾರಿಯಾಗಿ ಉಳಿದರು. ಆ ಹುಡುಗಿಯ ಪುಣ್ಯ! ಪ್ರೀತಿಯೆಂದು ಅವರಿಗಿರುವುದು ತಮ್ಮ ಮೀಸೆಯ ಮೇಲೆ ಮಾತ್ರ. ನನ್ನ ಬೆಣ್ಣೆಯ ಗಡಿಗೆಯಲ್ಲಿ ದಿನಾ ಬೆಳಗ್ಗೆ ಒಂದು ಬೆರಳಿನ ಗುರುತು ಕಾಣುತ್ತದೆ. ಬೆಕ್ಕಿನದಲ್ಲ.

ಈ ಮಾಸ್ತರರಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ಸವಣೂರಿನಲ್ಲಿ ನಡೆದ ಒಂದು ತೊಟ್ಟಿಲ ಕಾರ್ಯದಿಂದ. ಎಲ್ಲರನ್ನೂ ಊಟಕ್ಕೆ ಕರೆಯುವ ಕೆಲಸವನ್ನು ಇವರೇ ಮೇಲೆ ಬಿದ್ದು ವಹಿಸಿಕೊಂಡರು. ಊರನ್ನೆಲ್ಲ ಕರೆದು ಕೂರಿಸಿದರು, ಸ್ವಂತ ಅಕ್ಕನ ಗಂಡನನ್ನೇ ಮರೆತರು! ಆ ಹಿರಿಯರು ಬೇವಿನ ಮರದ ಕೆಳಗೆ ಮೂರು ಗಂಟೆಯ ತನಕ ಕಾದು, ಹಸಿದ ಹೊಟ್ಟೆಯಲ್ಲೇ ಹಿರೇಕೆರೂರಿನ ಬಸ್ಸು ಹತ್ತಿದರು. ಆಮೇಲೆ ಎರಡು ವರ್ಷ ಅಕ್ಕ ಪಂಚಮಿಗೆ ತವರಿಗೇ ಬರಲಿಲ್ಲ.

ಕಡೆಗೆ ಸಣ್ಣಜ್ಜ ಫೋನಿನಲ್ಲಿ ಪ್ರತಿಜ್ಞೆ ಮಾಡಿದರು.

"ಅಕ್ಕಾ, ಮನಷ್ಯಾ ಮರೀತಾನ, ಕಂಪ್ಯೂಟರ್ ಮರಿಯೂದಿಲ್ಲ. ಈ ಪಂಚಮಿಗೆ ಅದs ಎಲ್ಲಾರನ್ನೂ ಊಟಕ್ಕ ಕರೀತೈತಿ. ಒಬ್ಬರನ್ನ ಬಿಟ್ರೂ ನಾ ಮೀಸಿ ತಗಸ್ತೇನಿ!"

"ಹಂಗಾರ ಬರ್ತೇನಿ ತಮ್ಮಾ," ಅಂದಳು ಅಕ್ಕ, "ಬ್ಲೇಡು ನಾನs ತರ್ತೇನಿ."

ಡಿಪ್ಲೊಮಾ ಓದುವ ನಮ್ಮ ದೊಡ್ಡ ಮೊಮ್ಮಗಳ ಹಳೆಯ ಲ್ಯಾಪ್‌ಟಾಪು ಸಣ್ಣಜ್ಜನ ಕೈಗೆ ಬಂತು. ಹಾನಗಲ್ಲಿನ ತರಬೇತಿ ಕೇಂದ್ರಕ್ಕೆ ಹೆಸರು ಹಚ್ಚಿದರು. ಪ್ರೋಗ್ರಾಮು ಬರೆದರು. ಒಂಬತ್ತು ಹೆಸರಿನ ಪಟ್ಟಿ. ಯಂತ್ರ ಒಂದೊಂದೇ ಹೆಸರು ತೋರಿಸಬೇಕು, ಇವರು ಹಾಜರಿ ದನಿಯಲ್ಲಿ ಕೂಗಬೇಕು. ಇಷ್ಟೇ. ಇಷ್ಟಕ್ಕೆ ಆರು ತಿಂಗಳು!

ಏಕೆಂದರೆ ಆ ಯಂತ್ರ ಮೊದಲನೆಯ ಹೆಸರು ಬಿಟ್ಟು ಎರಡನೆಯದರಿಂದ ಸುರು ಮಾಡುತ್ತಿತ್ತು. ಎಲ್ಲ ಹೆಸರು ಮುಗಿದ ಮೇಲೆ ಇನ್ನೂ ಒಬ್ಬರನ್ನು ಹುಡುಕಿ, ಸಿಗದೆ, ಪರದೆಯ ತುಂಬ ಕೆಂಪಕ್ಷರ ಕಾರುತ್ತಿತ್ತು. ಆಡೂರಿನ ಕಲ್ಲಿನ ಮೇಲೆ ಸಾವಿರ ವರ್ಷದ ಹಿಂದೆ ಕೆತ್ತಿದ್ದನ್ನೂ ಓದಿದವರಿದ್ದಾರೆ. ಈ ಕೆಂಪಕ್ಷರ ಮಾತ್ರ ನಮ್ಮ ಪಂಡಿತರಿಗೆ ದಕ್ಕಲಿಲ್ಲ.

"ಮೊದಲಿನವರನ್ನ ನುಂಗತೈತಿ, ಕಡೀಕ ಇಲ್ಲದವರನ್ನ ಹುಡಕತೈತಿ," ಎಂದು ಪಡಸಾಲೆಯಲ್ಲಿ ಗೊಣಗುತ್ತಿದ್ದರು.

ಮದ್ದು ಏನೇನು ಮಾಡಿದರು ಕೇಳಿ. ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿದರು. ಆಮೇಲೆ ಮಹಾ ಉಪಾಯವೊಂದು ಹೊಳೆಯಿತು: ಕೊನೆಗೆ ಯಾರನ್ನೋ ಹುಡುಕುತ್ತದಲ್ಲ, ಅಲ್ಲಿ ಒಬ್ಬರನ್ನು ನಿಲ್ಲಿಸಿಬಿಟ್ಟರೆ? ಮನೆಯ ಜನ ಮುಗಿದಿದ್ದರು. ಎಮ್ಮೆ ಗಂಗಿಯ ಹೆಸರು ಸೇರಿಸಿದರು! ಯಂತ್ರ ಗಂಗಿಯನ್ನು ಊಟಕ್ಕೆ ಕರೆದು, ಅವಳಾಚೆ ಮತ್ತೊಬ್ಬರನ್ನು ಹುಡುಕಿ ಮತ್ತೆ ಕೆಂಪಾಯಿತು. ನಾಯಿ ರಾಜಾನನ್ನು ಸೇರಿಸಿದರು. ರಾಜಾನನ್ನೂ ಕರೆದು ಕೆಂಪಾಯಿತು. ಆ ಸಂಜೆ ಕೊಟ್ಟಿಗೆಯತ್ತ ನೋಡುತ್ತ ಇಲಿಗಳನ್ನು ಲೆಕ್ಕ ಹಾಕುತ್ತಿದ್ದರೋ ಏನೋ!

ಹಾನಗಲ್ಲಿನಲ್ಲಿ ಕಲಿಸುತ್ತಿದ್ದವಳು ಇಪ್ಪತ್ತು ದಾಟದ ಹುಡುಗಿ. "ಅಜ್ಜಾರ, ಅದಕ್ಕ ಮೊದಲನೇ ಹೆಸರಿನ ನಂಬರ್ ಸೊನ್ನಿರಿ. ಸೊನ್ನಿಯಿಂದ ಎಣಸ್ರಿ," ಅಂದಳಂತೆ.

"ಮೂವತ್ತಾರು ವರ್ಷ ಹಾಜರಿ ಕರದೇನವಾ! ಸೊನ್ನಿ ನಂಬರಿನ ಹುಡುಗ ಯಾವ ಸಾಲ್ಯಾಗ ಅದಾನ?" ಎಂದು ಗದರಿಸಿ, ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದರು. ಮಾಸ್ತರರಿಗೆ ಪಾಠ ಹೇಳುವುದೆಂದರೆ ಸುಲಭವೇ?

ಈಗ ನನ್ನ ಮಾತು. ದಿನಕ್ಕೆ ಹತ್ತು ಸಲ ಅವರು ಪಟ್ಟಿ ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು. ಹಿರೇಕೆರೂರಿನ ಅಕ್ಕ, ಅವಳ ಗಂಡ, ನನ್ನ ಮಗ, ಸೊಸೆ, ನೀವು ಮಕ್ಕಳು, ಗಂಗಿ, ರಾಜಾ. ನನ್ನ ಕರೆ ಮಾತ್ರ ಒಂದು ದಿನವೂ ಬರಲಿಲ್ಲ. ಬಡಿಸುವವಳನ್ನು ಯಾರಾದರೂ ಕರೆಯುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡೆ. ಆದರೂ, ಎಮ್ಮೆಗೆ ಬಂದ ಕರೆ! ಯಂತ್ರ ನುಂಗಿದ ಮೊದಲಿನವರೆಂದರೆ ಮಾಸ್ತರರೇ ಎಂದು ತಿಳಿದಿದ್ದೆ. ಲಗ್ನಪತ್ರಿಕೆಯಲ್ಲಿಯೂ ತಮ್ಮ ಹೆಸರನ್ನು ದೇವರ ಹೆಸರಿನ ಕೆಳಗೇ ಹಾಕಿಸುವವರು! ಯಂತ್ರಕ್ಕೆ ಬುದ್ಧಿ ಇದೆ, ನುಂಗಬೇಕಾದವರನ್ನೇ ನುಂಗಿದೆ ಅಂದುಕೊಂಡೆ.

ನಾಗರಪಂಚಮಿಯ ಹಿಂದಿನ ದಿನದ ರೊಟ್ಟಿ ಪಂಚಮಿ ಬಂತು. ಮರುದಿನವೇ ಪರೀಕ್ಷೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಾಸ್ತರರು ಅಡುಗೆಮನೆಯ ಹೊಸ್ತಿಲ ಬಳಿ ಮೀಸೆ ಸವರುತ್ತ ಕೂತಿದ್ದರು, ಅದರ ಕಡೆಯ ದರ್ಶನ ಮಾಡುವವರಂತೆ.

"ಎಷ್ಟ ಆದೂವ್ರಿ ವೈನೀ?" ಅಂದರು. ಅಣ್ಣನ ಹೆಂಡತಿಯೆಂದು ನನ್ನನ್ನು ಹಾಗೆ ಕರೆಯುತ್ತಾರೆ.

"ಇಪ್ಪತ್ತುರಿ."

ಎಣಿಸದೆ ಬಿಟ್ಟರೆ ಮಾಸ್ತರರೇ? ಬುಟ್ಟಿ ಎಳೆದುಕೊಂಡು ಎಣಿಸಿದರು. "ಇಪ್ಪತ್ತೊಂದು ಅದಾವಲ್ರಿ! ಸಾಲಿ ಕಲ್ತೀರಿಲ್ಲೋ?"

"ಮೊದಲನೇದು ದೇವರ ಮೀಸಲ ರೊಟ್ಟಿರಿ. ಅದನ್ನ ಯಾರ ಎಣಸ್ತಾರ? ಅದರ ಮುಂದಿಂದು ಒಂದು."

ಮೀಸೆಗೆ ಮರಳಿದ್ದ ಅವರ ಕೈ ಅಲ್ಲೇ ನಿಂತಿತು. "ಹಂಗಾರ ಕಡೀ ರೊಟ್ಟಿ ನಂಬರ್?"

"ಇಪ್ಪತ್ತು."

"ಇಪ್ಪತ್ತೊಂದನೇ ನಂಬರಿನ ರೊಟ್ಟಿ ಕೊಡ್ರಿ ಅಂದ್ರ?"

"ಎಲ್ಲಿಂದ ಕೊಡ್ಲಿರಿ? ಬುಟ್ಟಿಯೊಳಗ ಕೈ ಹಾಕಿದ್ರ ಬುಟ್ಟಿ ತಳಾನs ಸಿಗತೈತಿ!"

ಅವರೊಡನೆ ನಾನು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ಅಯ್ಯಯ್ಯs, ಆ ಹುಡುಗಿ ಸೊನ್ನಿ ಅಂದದ್ದು ಮೀಸಲ ರೊಟ್ಟಿಗೆ ಏನ್ರಿ!" ಎಂದು ಕೂಗಿ ಪಡಸಾಲೆಗೆ ಓಡಿದರು. ಸೊನ್ನೆಯಿಂದ ಸುರು ಮಾಡಿ ಕೊನೆಗೊಂದು ಕಡಿಮೆ ಮಾಡಬೇಕಿತ್ತು, ಅಷ್ಟೇ. ಆರು ತಿಂಗಳ ರೋಗಕ್ಕೆ ಒಂದು ರೊಟ್ಟಿಯ ಔಷಧ!

ಪಂಚಮಿಯ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಸೇರಿದ್ದಿರಿ. ಹಿರೇಕೆರೂರಿನ ಅಕ್ಕನ ಕೈಯಲ್ಲಿ ಹೊಸ ಬ್ಲೇಡು. ನಾನು ಒಳಗೆ ಕಡಬು ತೆಗೆಯುತ್ತಿದ್ದೆ.

"ವೈನೀ!" ಎಂದು ಕೂಗಿದರು ಮಾಸ್ತರರು.

"ತುಪ್ಪ ತಂದೆ, ತಡೀರಿ."

"ತುಪ್ಪ ಅಲ್ರಿ, ನಿಮ್ಮನ್ನ ಕರ್ಯಾಕತ್ತೇನಿ. ಪಟ್ಟಿಯೊಳಗ ಮೊದಲನೇ ಹೆಸರು ನಿಮ್ದು. ಆರು ತಿಂಗಳಾತು, ಇದು ನಿಮ್ಮನ್ನs ನುಂಗಿ ಕುಂತಿತ್ತು. ಬರ್ರಿ, ಮೊದಲನೇ ಎಲಿಗೆ ಕುಂದರ್ರಿ."

ನಿಮ್ಮ ಅಜ್ಜ ಹೋದ ಮೇಲೆ ನಾನು ಹಬ್ಬದ ಮೊದಲ ಪಂಕ್ತಿಯಲ್ಲಿ ಕೂತವಳಲ್ಲ. ಯಾರೂ ಬೇಡ ಅಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ಕೂತೆ. ಒಬ್ಬೊಬ್ಬರ ಹೆಸರೂ ಬಂತು, ಗಂಗಿ ಬಂದಳು, ರಾಜಾ ಬಂದ. ಕೆಂಪಕ್ಷರ ಬರಲಿಲ್ಲ.

"ಬ್ಲೇಡು ದಂಡ ಆತಲ್ಲೋ ತಮ್ಮಾ!" ಅಂದಳು ಅಕ್ಕ. ಮಾಸ್ತರರು ಮೀಸೆ ತಿರುವಿ ತುಪ್ಪದ ಗಿಂಡಿ ಹಿಡಿದು ಬಡಿಸಲು ಹೊರಟರು.

"ಸಣ್ಣಜ್ಜನ ಹೆಸರs ಬರಲಿಲ್ಲಲ್ಲs?" ಎಂದು ಪಕ್ಕದಲ್ಲಿದ್ದ ದೊಡ್ಡ ಮೊಮ್ಮಗಳನ್ನು ಕೇಳಿದೆ. ಅವಳು ಎದ್ದು ಹೋಗಿ ಪಟ್ಟಿ ನೋಡಿ ಬಂದಳು.

"ಅವರು ತಮ್ಮ ಹೆಸರು ಬರದs ಇಲ್ಲಜ್ಜಿ."

ಆರು ತಿಂಗಳು ಆ ಯಂತ್ರ ಎಲ್ಲರನ್ನೂ ಕರೆದ ಮೇಲೆ ಇನ್ನೂ ಒಬ್ಬರಿದ್ದಾರೆ ಎಂದು ಹುಡುಕಿ ಹುಡುಕಿ ಕೆಂಪಾಗುತ್ತಿತ್ತು. ನಾವು ಅದಕ್ಕೆ ರೋಗ ಅಂದೆವು!

"ರಾಜಾನ ಮುಂದ ಬರಿ," ಅಂದೆ. ನಾಯಿಯ ನಂತರ; ಬೇರೆ ಜಾಗ ಕೊಟ್ಟರೆ ಮೀಸೆ ಇನ್ನಷ್ಟು ಏರುತ್ತಿತ್ತು. ಅವಳು ಬರೆದು ಮತ್ತೆ ಓಡಿಸಿದಳು. ಪರದೆಯ ಕೊನೆಯಲ್ಲಿ ಹೆಸರು ಬಂತು. ಕೂಗುವವರು ಯಾರು? ಎದ್ದು ನಿಂತೆ. ತುಂಬಿದ ಪಡಸಾಲೆಯಲ್ಲಿ ನನ್ನ ದನಿ ನನಗೇ ಹೊಸದಾಗಿತ್ತು.

"ಮಾಸ್ತರ್ರs, ಊಟಕ್ಕ ಬರ್ರಿ!"

ಮೂವತ್ತಾರು ವರ್ಷ ಊರೂರ ಮಕ್ಕಳ ಹಾಜರಿ ಕರೆದವರು ತುಪ್ಪದ ಗಿಂಡಿ ಹಿಡಿದುಕೊಂಡೇ ನೆಟ್ಟಗೆ ನಿಂತರು. ಬೆಣ್ಣೆ ಹಚ್ಚಿದ ಮೀಸೆ ಸ್ವಲ್ಪ ನಡುಗಿತು.

"ಹಾಜರ್ರಿ," ಅಂದರು.