ಬರಿ ಕಡಲು ಯಾಕೆ, ತಿಮಿಂಗಿಲಾನೇ ತೋರಿಸ್ತೀನಿ

ಸೇಲಂ ಅಮ್ಮಾಪೇಟೆಯ ಧನಪಾಲನಲ್ಲಿ ಒಂದು ದೊಡ್ಡ ಗುಣ ಇತ್ತು. ಹೆಂಡತಿ ಏನು ಕೇಳಿದರೂ ಅವನು ಯಾವತ್ತೂ ಇಲ್ಲ ಅಂದವನಲ್ಲ. (ಕೊಟ್ಟವನೂ ಅಲ್ಲ, ಅದು ಬೇರೆ ಮಾತು.) ಮದುವೆಯಾದ ಹೊಸತರಲ್ಲಿ ಶಾರದ ಅವನನ್ನು ಕೇಳಿದ್ದು ಒಡವೆಯಲ್ಲ, ಪಟ್ಟೆ ಸೀರೆಯಲ್ಲ. ಒಂದು ಸಲ ಕಡಲು ತೋರಿಸಿ ಅಂದಿದ್ದಳು, ಅಷ್ಟೇ. ಅವಳು ಹುಟ್ಟಿ ಬೆಳೆದದ್ದು ಪೆನ್ನಾಗರಂ ಕಡೆ. ಕಲ್ಲು, ಕುರುಚಲು ಕಾಡು, ಮಳೆಯನ್ನೇ ನಂಬಿದ ಹೊಲ. ನೀರು ಅಂದರೆ ಆಕಾಶದಿಂದ ಬರಬೇಕು, ಇಲ್ಲವೇ ಹೊಗೇನಕಲ್ಲಿಗೆ ಹೋಗಬೇಕು ಅನ್ನೋ ಸೀಮೆ.

"ಅದಕ್ಕೇನು, ಓಗೋಣ" ಅಂದಿದ್ದ ಧನಪಾಲ. ಆ "ಓಗೋಣ" ಮಗ್ಗದ ಲಾಳಿ ಇದ್ದ ಹಾಗೆ, ಅತ್ತ ಹೋಯಿತು, ಇತ್ತ ಬಂತು, ಮಗ್ಗ ಬಿಟ್ಟು ಆಚೆ ಹೋಗಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಅವಳ ಕಾಲೇಜಿನವರು ಅವಳನ್ನು ಕನ್ಯಾಕುಮಾರಿಗೆ ಕರೆದುಕೊಂಡು ಹೋಗಿ ಮೂರು ಕಡಲು ಒಟ್ಟಿಗೆ ತೋರಿಸಿಕೊಂಡೂ ಬಂದರು. ಶಾರದಳಿಗೆ ಒಂದೂ ನೋಡೋಕೆ ಆಗಿರಲಿಲ್ಲ.

ಹೀಗಿರುವಾಗ ಧನಪಾಲನ ಫೋನಿನಲ್ಲಿ ತಿಮಿಂಗಿಲ ಕಾಣಿಸಿಕೊಂಡಿತು.

ಅವನು ಬಿಳಿ ರೇಷ್ಮೆ ಪಂಚೆ ನೇಯುವವನು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಪಕ್ಕದ ಕಂಬಕ್ಕೆ ಫೋನ್ ಒರಗಿಸಿಟ್ಟು, ಕೈ ನೇಯುತ್ತಿದ್ದರೆ ಕಣ್ಣು ಲೋಕಸಂಚಾರ ಮಾಡುತ್ತಿತ್ತು. ಭೂಮಿಯ ಆಚೆ ಬದಿಯಲ್ಲೆಲ್ಲೋ ಕಡಲು ಒಳಕ್ಕೆ ಚಾಚಿಕೊಂಡು ಕೆರೆಯ ಹಾಗೆ ನಿಂತ ಹಿನ್ನೀರಂತೆ. ಅಲ್ಲಿಗೆ ತಾಯಿ ತಿಮಿಂಗಿಲ ಮರಿ ಹಾಕೋಕೆ ಬರುತ್ತದಂತೆ. ಸಣ್ಣ ದೋಣಿಯಲ್ಲಿ ಕೂತವರ ಹತ್ತಿರ ಮರಿಯನ್ನು ತಳ್ಳಿಕೊಂಡು ಬಂದು, ತಲೆ ಸವರಿಸಿಕೊಂಡು ಹೋಗುತ್ತದಂತೆ. ಧನಪಾಲ ಮಗ್ಗ ನಿಲ್ಲಿಸಿದ.

"ಲೇ ಶಾರದ, ಬಾ ಇಲ್ಲಿ. ಇದನ್ನ ನೋಡು."

ಶಾರದ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನೋಡಿದಳು. ಅವಳ ಕಣ್ಣು ಹೋದದ್ದು ತಿಮಿಂಗಿಲದ ಮೇಲಲ್ಲ. "ನೀರು ಎಷ್ಟು ನೀಲಿ ಐತೆ" ಅಂದಳು.

"ನೀರು ಬಿಡು. ನಿಂಗೆ ಬರಿ ಕಡಲು ಯಾಕೆ, ತಿಮಿಂಗಿಲಾನೇ ತೋರಿಸ್ತೀನಿ."

ಆ ಗಳಿಗೆಯಲ್ಲೇ ಎಲ್ಲ ಹಾಳಾಯಿತು ಅನ್ನಬೇಕು. ಅಲ್ಲಿಯವರೆಗೆ ಶಾರದಳಿಗೂ ಕಡಲಿಗೂ ನಡುವೆ ಇದ್ದದ್ದು ಗಂಡನ ಸೋಮಾರಿತನ ಒಂದೇ. ಈಗ ಅದರ ಜೊತೆಗೆ ತಿಮಿಂಗಿಲವೂ ಬಂದು ಅಡ್ಡ ಮಲಗಿತು.

ಧನಪಾಲ ತಿಮಿಂಗಿಲಶಾಸ್ತ್ರದಲ್ಲಿ ಮುಳುಗಿದ. ನಮ್ಮ ದೇಶದಲ್ಲೂ ಹಿನ್ನೀರು ಉಂಟಲ್ಲ ಅಂತ ಮೊದಲು ಪಳವೇರ್ಕಾಡಿನ ದೋಣಿಯವನೊಬ್ಬನ ನಂಬರ್ ಹಿಡಿದು ಫೋನ್ ಮಾಡಿದ. ದೋಣಿಯವನು, "ತಿಮಿಂಗಲಮಾ? ಇಂಗ ಎರಾಲ್ ದಾನ್ ಅಣ್ಣೇ" ಅಂದ. ಇಲ್ಲಿ ಸೀಗಡಿ ಮಾತ್ರ ಅಂತ. ಸೀಗಡಿಗೂ ತಿಮಿಂಗಿಲಕ್ಕೂ ಗಾತ್ರದಲ್ಲಿ ಕೊಂಚ ವ್ಯತ್ಯಾಸ ಇರುವುದರಿಂದ ಪಳವೇರ್ಕಾಡು ಬಿದ್ದುಹೋಯಿತು. ಆಮೇಲೆ ಪಿಚ್ಚಾವರಂ. ಅಲ್ಲಿ ಕಾಂಡ್ಲಾ ಗಿಡಗಳ ನಡುವಿನ ನೀರು ಇವನ ಎದೆಮಟ್ಟ ಬರುತ್ತದೆ ಅಂತ ತಿಳಿದು ಅದನ್ನೂ ಬಿಟ್ಟ. ಆಮೇಲೆ ಲಕ್ಷದ್ವೀಪ. ಹೊಸ ಊರಿನ ಹೆಸರು ಬಂದಾಗಲೆಲ್ಲ ಶಾರದ ಬ್ಯಾಗಿಗೆ ಸೀರೆ ಮಡಿಸಿ ಇಡುವಳು, ಊರು ಬಿದ್ದುಹೋದಾಗ ತೆಗೆದು ಕೊಡವಿ ಮತ್ತೆ ಬೀರುವಿಗೆ ಸೇರಿಸುವಳು.

"ನಂಗೆ ತಿಮಿಂಗ್ಲ ಬ್ಯಾಡ. ನೀರು ನೋಡಿದ್ರೆ ಸಾಕು" ಅಂದಳು ಒಂದು ದಿನ. "ಕಡಲೂರಿಗೆ ಓಗಣ. ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನಕ್ಕೆ ಅಲ್ಲಿರ್ತೀವಿ. ಊರ ಎಸರಲ್ಲೇ ಕಡಲು ಐತೆ."

"ಎಸರಲ್ಲಿ ಕಡಲಿದ್ರೆ ಆಯ್ತಾ? ಬರಿ ನೀರು ನೋಡೋಕೆ ಮೇಟೂರು ಡ್ಯಾಂ ಇಲ್ವಾ?"

ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಧನಪಾಲನ ತಾಯಿ ಕುಪ್ಪಮ್ಮನಿಗೆ ಕಿವಿ ಅರ್ಧ. ತಿಮಿಂಗಿಲ ಅವಳಿಗೆ ತಿರುಮಂಗಲ ಅನ್ನೋ ಊರಾಗಿ ಕೇಳಿಸುತ್ತಿತ್ತು. "ತಿರುಮಂಗಲದಾಗೆ ನಮ್ಮೋರು ಯಾರವ್ರೆ? ಹೆಣ್ಣಿಗೆ ಗಂಡು ನೋಡ್ತಾ ಇದೀಯಾ?" ಅಂತ ಕೇಳುವಳು. "ಇಲ್ಲಮ್ಮ, ಮೀನಿನ ಥರ ಇರ್ತದಲ್ಲ, ಅದು" ಅಂತ ಮಗ ಕೂಗಿದರೆ, "ಮೀನು ತಿನ್ನೋ ಮನೆಯಾದ್ರೆ ಬ್ಯಾಡ ಬಿಡು" ಅಂತ ತೀರ್ಮಾನ ಕೊಡುವಳು.

ದೋಣಿಯಲ್ಲಿ ತಲೆ ಸುತ್ತಬಾರದು, ಅಭ್ಯಾಸ ಬೇಕು ಅಂತ ಧನಪಾಲ ಹೆಂಡತಿಯನ್ನು ಹೊಗೇನಕಲ್ಲಿಗೆ ಕರೆದುಕೊಂಡು ಹೋಗಿ ಪರಿಸಲ್ ಅನ್ನೋ ಹರಿಗೋಲಿಗೆ ಹತ್ತಿಸಿದ. ನಡುನೀರಿನಲ್ಲಿ ಆ ಬಿದಿರಿನ ಬುಟ್ಟಿ ಎರಡು ಸುತ್ತು ಹೊಡೆದದ್ದೇ ತಡ, ನಮ್ಮ ಸಮುದ್ರಯಾನಿಯ ಬೆಳಗಿನ ಇಡ್ಲಿ ಕಾವೇರಿಗೆ ಅರ್ಪಣೆಯಾಯಿತು. ಶಾರದ ಒಂದು ಕೈಯಲ್ಲಿ ಅವನ ಬೆನ್ನು ಸವರುತ್ತಾ ಸುತ್ತಲ ಬಂಡೆ ನೋಡುತ್ತಾ ಕೂತಿದ್ದಳು. ಅವಳಿಗೆ ಏನೂ ಆಗಲಿಲ್ಲ.

ಹೀಗೆ ಚಳಿಗಾಲ ಬಂತು, ಹೋಯಿತು. ಕೊನೆಗೆ ತಿಮಿಂಗಿಲ ಬರುವ ಕಾಲ ಇದಲ್ಲ, ಮುಂದಿನ ವರ್ಷ ಖಂಡಿತ ಅಂತ ಧನಪಾಲ ಘೋಷಿಸಿದ ವಾರವೇ, ಬೀದಿಯ ಮಹಿಳಾ ಸಂಘದವರು ಒಂದು ವ್ಯಾನ್ ಮಾಡಿಕೊಂಡು ತಿರುಚೆಂದೂರಿಗೆ ಹೊರಟರು. ಸಂಘದ ಮುಂದಾಳು ಎದುರುಮನೆಯ ತಮಿಳ್‌ಸೆಲ್ವಿ. ಶಾರದಳ ಹೆಸರನ್ನೂ ಅವಳೇ ಸೇರಿಸಿದ್ದಳು.

"ಮುರುಗನ ದರ್ಶನ. ಓಗಿ ಬರ್ಲಾ?" ಶಾರದ ಕೇಳಿದಳು.

ದೇವರ ವಿಷಯ. ಧನಪಾಲ ಬೇಡ ಅನ್ನುವ ಹಾಗಿಲ್ಲ. ಆದರೆ ತಿರುಚೆಂದೂರಿನ ಗುಡಿ ಇರುವುದೇ ಕಡಲ ದಡದಲ್ಲಿ. ಆವಾಗ ಅವನು ಹೆಂಡತಿಯ ಹತ್ತಿರ ಒಂದು ಮಾತು ಕೇಳಿದ. ನಮ್ಮ ಸೇಲಂ ಸೀಮೆಯಲ್ಲಿ ಇನ್ನಾವ ಗಂಡನೂ ಕೇಳಿರಲಾರದ ಮಾತು ಅದು.

"ಓಗು. ಆದ್ರೆ ಕಡಲ ಕಡೆ ನೋಡಬ್ಯಾಡ."

"ಏನಂದ್ರಿ?"

"ನೀನು ಮೊದಲ್ನೆ ಸಲ ಕಡಲು ನೋಡುವಾಗ ನಾನು ಪಕ್ಕದಲ್ಲಿರಬೇಕು ಶಾರದ. ನಿನ್ನ ಮುಖ ನೋಡಬೇಕು. ಅದಕ್ಕೇ ಇಷ್ಟೆಲ್ಲ ಮಾಡ್ತಿರೋದು. ಅಲ್ಲಿ ಬಾವಿ ಐತೆ, ಅದ್ರಲ್ಲಿ ಸ್ನಾನ ಮಾಡು. ಗುಡಿ ಕಡೆ ಮುಖ ಮಾಡ್ಕೊಂಡಿರು."

ಅವನು ತಮಾಷೆ ಮಾಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. "ಆಗ್ಲಿ" ಅಂದಳು.

ವ್ಯಾನ್ ವಾಪಸು ಬಂದ ದಿನ ಬೀದಿಯೆಲ್ಲ ಒಂದೇ ಸುದ್ದಿ. ಬೆಳಿಗ್ಗೆ ಸ್ನಾನಕ್ಕೆ ಇಳಿದಾಗ ದೂರದಲ್ಲಿ ಕಡಲು ಸೀಳಿಕೊಂಡು ಒಂದು ತಿಮಿಂಗಿಲ ಎದ್ದಿತಂತೆ. ಸಂಘದವರೆಲ್ಲ ನೋಡಿದರಂತೆ. ಮೀನುಗಾರರೇ ಕೈಮುಗಿದರಂತೆ. ಧನಪಾಲ ಗುಂಡಿಮಗ್ಗದಿಂದ ಎದ್ದು ಬಂದವನು ಬಾಗಿಲಲ್ಲೇ ನಿಂತ.

"ನೀನೂ ನೋಡಿದ್ಯಾ?"

"ನೀವು ಬ್ಯಾಡ ಅಂದಿದ್ರಲ್ಲ" ಅಂದಳು ಶಾರದ, ಬ್ಯಾಗಿನಿಂದ ತಾಳೆಯ ಕಲ್ಲುಸಕ್ಕರೆ ಪನಂಕಲ್ಕಂಡು ತೆಗೆಯುತ್ತಾ. "ಗುಡಿ ಗೋಡೆ ಕಡೆ ತಿರುಕ್ಕೊಂಡಿದ್ದೆ."

ಮೊದಲು ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ವ್ಯಾನಿನ ತುಂಬ ಹೆಂಗಸರು ಕಡಲಿಗೆ ಮುಖ ಮಾಡಿ ನಿಂತಿದ್ದಾರೆ, ಇವಳೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಆ ಚಿತ್ರ ಕಣ್ಣ ಮುಂದಿಂದ ಹೋಗಲೇ ಇಲ್ಲ. ಮಗ್ಗಕ್ಕೆ ಕೂತರೆ ಎಳೆ ತುಂಡಾಗುತ್ತಿತ್ತು. ಕೊನೆಗೆ ಆ ಭಾನುವಾರ, "ಸೀರೆ ಉಟ್ಕೋ, ಕಡಲೂರಿಗೆ ಓಗಣ" ಅಂದ. ತಿಮಿಂಗಿಲದ ಹೆಸರೆತ್ತಲಿಲ್ಲ.

ಕಡಲೂರಿನ ದಡ ಬರುವ ಮೊದಲೇ ಅವನು ತನ್ನ ಅಂಗೈಗಳಿಂದ ಅವಳ ಕಣ್ಣು ಮುಚ್ಚಿದ. ಹಿಂದಿನಿಂದ ತಳ್ಳಿಕೊಂಡು ಮರಳಿನ ಮೇಲೆ ನಡೆಸಿದ. ಸುಂಡಲ್ ಕಡಲೆ ಮಾರುವವಳು, ಏನೋ ಕಣ್ಣಿಗೆ ಆಪರೇಷನ್ ಆಗಿದೆ ಪಾಪ, ಅಂತ ದಾರಿ ಬಿಟ್ಟಳು. ನೀರಿನ ಅಂಚಿಗೆ ಬಂದು ಕೈ ತೆಗೆದು, ಲಗುಬಗೆಯಿಂದ ಅವಳ ಮುಂದಕ್ಕೆ ಬಂದು ನಿಂತ, ಕಡಲಿಗೆ ಬೆನ್ನು ಹಾಕಿ, ಅವಳ ಮುಖಕ್ಕೆ ಮುಖ ಕೊಟ್ಟು.

ಶಾರದಳ ಬಾಯಿ ಅರ್ಧ ತೆರೆಯಿತು. ಕೈ ಎದೆಯ ಮೇಲೆ ಹೋಯಿತು. "ಅಯ್ಯೋ, ಇಷ್ಟು ದೊಡ್ದಾ" ಅಂದಳು. ಧನಪಾಲನ ಕಣ್ಣು ತುಂಬಿ ಬಂತು. ಇಷ್ಟು ವರ್ಷಕ್ಕೆ ಸಾರ್ಥಕವಾಯಿತು ಅಂದುಕೊಂಡ.

"ಒಂದೇ ಕಡೆ ನಿಲ್ಬ್ಯಾಡಿ" ಅಂದಳು ಅವಳು ಅಷ್ಟರಲ್ಲಿ. "ನೀರು ವಾಪಸ್ ಓಗುವಾಗ ಕಾಲಡಿ ಮಳ್ಳು ಎಳ್ಕೊಂಡು ಓಯ್ತದೆ. ಹಿಮ್ಮಡಿ ಊರ್ಕೊಳ್ಳಿ."

ಊರುವಷ್ಟರಲ್ಲಿ ಅವನು ಅಂಗಾತ ಬಿದ್ದಿದ್ದ. ತನ್ನದೇ ಮಗ್ಗದ ರೇಷ್ಮೆ ಪಂಚೆಯ ತುಂಬ ಬಂಗಾಳ ಕೊಲ್ಲಿಯ ಮರಳು. ಶಾರದ ರೆಟ್ಟೆ ಹಿಡಿದು ಎಬ್ಬಿಸಿ ದಡದಲ್ಲಿ ಕೂರಿಸಿದಳು. ಮೂಗಿನಿಂದ ಉಪ್ಪುನೀರು ಇಳಿಯುವುದು ನಿಂತ ಮೇಲೆ ಅವನು ಕೇಳಿದ:

"ಮಳ್ಳು ಎಳೀತದೆ ಅಂತ ನಿಂಗೆ ಎಂಗೆ ಗೊತ್ತು?"

ಶಾರದ ಅವನ ಪಂಚೆಯ ಅಂಚು ಹಿಂಡಿದಳು.

"ವ್ಯಾನ್ ಇಳಿಯುವಾಗ ಕಣ್ಣು ಮುಚ್ಕೊಂಡೇ ಇಳಿದೆ" ಅಂದಳು. "ನಿಜವಾಗ್ಲೂ. ಗಾಳಿ ಮುಖಕ್ಕೆ ಬಡೀತು, ಆ ಸದ್ದು ಕೇಳ್ತು. ಕಣ್ಣು ತಾನಾಗೇ ಬಿಟ್ಕೊಂತು. ಆಮೇಲೆ ಮುಚ್ಚೋಕೆ ಆಗ್ಲಿಲ್ಲ."

"ತಿಮಿಂಗಿಲ?"

"ಅದೂ ನೋಡ್ದೆ. ಕೆರೇಲಿ ಎಮ್ಮೆ ಮುಳುಗಿ ಏಳ್ತದಲ್ಲ, ಅಂಗೆ ಎದ್ದು, ಬುಸ್ ಅಂತ ಒಂದು ಉಸಿರು ಬಿಟ್ಟು ಓಯ್ತು. ನೀವೂ ಇದ್ದಿದ್ರೆ ಅನ್ನಿಸ್ತು. ಮನೆಗೆ ಬಂದಾಗ ನಿಮ್ಮ ಮುಖ ನೋಡಿ ನಿಜ ಏಳೋಕೆ ಬಾಯಿ ಬರ್ಲಿಲ್ಲ."

ಧನಪಾಲ ಅಲೆ ನೋಡುತ್ತಾ ಕೂತ. ಕೋಪ ಮಾಡಿಕೊಳ್ಳೋಣ ಅಂದರೆ ಅದಕ್ಕೆ ಮುಖ ಇರಲಿಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನಕ್ಕೆ ಸಿಗುವ ಈ ನೀರಿಗೆ ಎಷ್ಟು ವರ್ಷ ತೆಗೆದುಕೊಂಡೆ ಅಂತ ಮಾತ್ರ ಅನ್ನಿಸಿತು.

"ಅಲ್ಲಿ ಮೊದಲ್ನೆ ಸಲ ನೋಡುವಾಗ ನಿನ್ನ ಮುಖ ಎಂಗಿತ್ತು?" ಅಂತ ಮೆಲ್ಲಗೆ ಕೇಳಿದ.

"ನನ್ನ ಮುಖ ನಂಗೆ ಎಂಗೆ ಕಾಣ್ತದೆ? ತಮಿಳ್‌ಸೆಲ್ವಿ ಪಕ್ಕದಲ್ಲೇ ಇದ್ಲು, ಅವಳನ್ನ ಕೇಳಿ."

ಇನ್ನೊಬ್ಬನಾಗಿದ್ದರೆ ಅದನ್ನು ಅಲ್ಲಿಗೇ ಬಿಡುತ್ತಿದ್ದ. ಧನಪಾಲ ಮಾರನೆಯ ದಿನ ನಾಚಿಕೆ ಬಿಟ್ಟು ಎದುರುಮನೆಗೆ ಹೋಗಿ, ಬಾಗಿಲಿಗೆ ರಂಗೋಲಿ ಇಡುತ್ತಿದ್ದ ತಮಿಳ್‌ಸೆಲ್ವಿಯನ್ನು ಕೇಳಿಯೇ ಕೇಳಿದ: ತಿರುಚೆಂದೂರಿನಲ್ಲಿ ಆ ಹೊತ್ತು ಶಾರದಳ ಮುಖ ಹೇಗಿತ್ತು, ಸ್ವಲ್ಪ ನೆನಪು ಮಾಡಿಕೊಂಡು ಹೇಳಮ್ಮ.

ತಮಿಳ್‌ಸೆಲ್ವಿ ರಂಗೋಲಿ ಹಿಟ್ಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನು ನೋಡಿದಳು.

"ಏನಣ್ಣ ನೀವು ಕೇಳೋದು? ಅಷ್ಟು ದೊಡ್ಡ ತಿಮಿಂಗಿಲ ಎದುರಿಗೆ ಎದ್ದಿರುವಾಗ ನಿಮ್ಮ ಹೆಂಡತಿ ಮುಖ ಯಾರು ನೋಡ್ತಾ ಕೂರ್ತಾರೆ?"